ಬಿಯರ್ ಬಗೆಗಳ ವಿಂಗಡಣೆ, ಮೊದಮೊದಲ ಪ್ರಯತ್ನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಬ್ರೂಪಬ್‌ಗಳ (ತಮ್ಮಲ್ಲೇ ಬಿಯರ್ ತಯಾರಿಸಿ ಮಾರುವ ಪಬ್‌ಗಳ) ಪಟ್ಟಿಯಲ್ಲಿ ಹೆಫೆವೈಜೆನ್, ಸ್ಟೌಟ್, ಐಪಿಎ (ಇಂಡಿಯಾ ಪೇಲ್ ಏಲ್), ಪಿಲ್ಸ್‌ನರ್ ಎಂದು ಸಾಲಾಗಿ ಬರೆದಿರುವುದನ್ನು ಕಂಡವರಿಗೆ ಈ ಬಗೆಗಳೆಲ್ಲ ಅನಾದಿ ಕಾಲದಿಂದ ಹೀಗೆಯೇ ಇದ್ದವೇನೋ ಎನ್ನಿಸುತ್ತದೆ. ಹಾಗಿಲ್ಲ. ಬಿಯರ್ ಅನ್ನು ‘ಶೈಲಿ’ಗಳಾಗಿ ನೋಡುವ ಇಂದಿನ ಚೌಕಟ್ಟಿಗೆ ಸುಮಾರು ಐವತ್ತು ವರ್ಷದ ವಯಸ್ಸು ಅಷ್ಟೇ. ಅದಕ್ಕೂ ಮೊದಲು ಗುಮಾಸ್ತರು, ವೈದ್ಯರು, ಸುಂಕದ ಅಧಿಕಾರಿಗಳು, ರಸಾಯನ ಬಲ್ಲವರು, ನ್ಯಾಯಾಧೀಶರು ತಮ್ಮ ತಮ್ಮ ಕೆಲಸಕ್ಕೆ ಬೇಕಾದ ಹಾಗೆ ಗೆರೆ ಎಳೆದಿದ್ದರು. ಯಾರು, ಯಾತಕ್ಕಾಗಿ ಎಳೆದರು ಎಂಬುದನ್ನು ಗಮನಿಸದೆ ಹಳೆಯ ಪಟ್ಟಿಗಳನ್ನು ಓದಿದರೆ ತಪ್ಪು ತಿಳಿವಳಿಕೆಯೇ ಹೆಚ್ಚುತ್ತದೆ. ಈ ವಿಷಯದಲ್ಲಿ ಆಸಕ್ತಿ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ.

ಬಿಯರ್‌ಗಳನ್ನು ಮೊಟ್ಟಮೊದಲು ವಿಂಗಡಿಸಿದವರು ಯಾರು?

ನಮಗೆ ಸಿಕ್ಕಿರುವ ಬರಹಗಳ ಮಟ್ಟಿಗೆ ಹೇಳುವುದಾದರೆ ಮೆಸೊಪೊಟೇಮಿಯಾದ ಲಿಪಿಕಾರರು. ಕ್ರಿಸ್ತಪೂರ್ವ 2100ರಿಂದ 2000ರ ನಡುವಿನ ಉರ್ ಮೂರನೇ ರಾಜವಂಶದ ಲೆಕ್ಕಪತ್ರಗಳಲ್ಲಿ ‘ಒಳ್ಳೆಯ ಬಿಯರ್’, ‘ಸಾಧಾರಣ ಬಿಯರ್’, ‘ಕಪ್ಪು ಬಿಯರ್’, ‘ಕೆಂಪು ಬಿಯರ್’ ಎಂಬ ನಮೂದುಗಳಿವೆ. ಎಮ್ಮರ್ ಎಂಬ ಹಳೆಯ ಗೋಧಿಯಿಂದ ಮಾಡಿದ ಬಿಯರ್‌ಗೆ ಬೇರೆಯೇ ಹೆಸರಿತ್ತು. ಇವು ಪಡಿ ಹಂಚುವವರ ಲೆಕ್ಕ. ಕೂಲಿಯವನಿಗೆ ಯಾವುದು, ದೂತನಿಗೆ ಯಾವುದು, ಎಷ್ಟು ಧಾನ್ಯ ಖರ್ಚಾಯಿತು ಎಂದು ಗುಮಾಸ್ತ ಬರೆದಿಡಬೇಕಿತ್ತು. ಮುಂದೆ ಲಿಪಿ ಕಲಿಯುವ ವಿದ್ಯಾರ್ಥಿಗಳಿಗಾಗಿ ಸಿದ್ಧವಾದ ‘ಉರ್ರ-ಹುಬುಲ್ಲು’ ಎಂಬ ದೊಡ್ಡ ಪದಪಟ್ಟಿಯ 23ನೇ ಫಲಕದಲ್ಲಿ ಬಿಯರ್‌ಗೆ ಸಂಬಂಧಿಸಿದ ಹೆಸರುಗಳನ್ನು ಒಂದೆಡೆ ಕಲೆಹಾಕಿದ್ದಾರೆ.

ಬಣ್ಣ, ಗುಣಮಟ್ಟ, ಧಾನ್ಯ. ಈ ಮೂರು ಆಧಾರಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಎದುರಾಗುತ್ತವೆ.

ಭಾರತದಲ್ಲಿ ಇಂಥ ಪ್ರಯತ್ನ ನಡೆದಿತ್ತೇ?

ಬಿಯರ್ ಎಂಬ ಹೆಸರಿನಲ್ಲಿ ಅಲ್ಲ. ಆದರೆ ಹುದುಗಿಸಿದ ಪಾನೀಯಗಳನ್ನು ವಿಂಗಡಿಸುವ ಕೆಲಸ ಅಚ್ಚುಕಟ್ಟಾಗಿ ನಡೆದಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಬಗೆಗಳನ್ನು ಹೆಸರಿಸಿ ಅಳತೆಗಳನ್ನೂ ಕೊಡುತ್ತದೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ, ಅಂದರೆ ಹುದುಗು ಬರಿಸುವ ಮಿಶ್ರಣ. ಆ ಕಿಣ್ವವನ್ನು ಉದ್ದು ಮತ್ತು ಅಕ್ಕಿಯಿಂದ ಮಾಡಿಕೊಳ್ಳುತ್ತಿದ್ದರು. ಮೇದಕ, ಪ್ರಸನ್ನಾ ಎರಡೂ ಧಾನ್ಯ ಅಥವಾ ಹಿಟ್ಟಿನವು, ಆದ್ದರಿಂದ ಬಿಯರ್‌ಗೆ ಹತ್ತಿರದ ನೆಂಟರು, ಮಧು ದ್ರಾಕ್ಷಿಯದು. ಇಲ್ಲಿಯೂ ವಿಂಗಡಿಸಿದ್ದು ರಾಜ್ಯದ ಬೊಕ್ಕಸ ನೋಡಿಕೊಳ್ಳುವ ಅಧಿಕಾರಿಗಾಗಿ ಎಂಬುದನ್ನು ಗಮನಿಸಿ.

ಈ ಗ್ರಂಥ ಆಧುನಿಕ ಜಗತ್ತಿಗೆ ಮತ್ತೆ ಸಿಕ್ಕಿದ್ದು ಮೈಸೂರಿನಲ್ಲಿ. ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯನ್ನು ಗುರುತಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಪಾನೀಯಗಳ ಚರಿತ್ರೆ ಬರೆಯುವವರೂ ಆ ಪಂಡಿತರಿಗೆ ಋಣಿಗಳು.

ಏಲ್ ಬೇರೆ, ಬಿಯರ್ ಬೇರೆ ಎಂದು ಇಂಗ್ಲೆಂಡಿನಲ್ಲಿ ಹೇಳುತ್ತಿದ್ದದ್ದು ನಿಜವೇ?

ನಿಜ. ಹಾಪ್ಸ್ (ಕಹಿ, ಪರಿಮಳ ಕೊಡುವ ಒಂದು ಬಳ್ಳಿಯ ಹೂವು) ಹಾಕದೆ ಮಾಡಿದ್ದು ಏಲ್, ಹಾಪ್ಸ್ ಹಾಕಿದ್ದು ಬಿಯರ್. ಹಾಪ್ಸ್ ಹಾಕುವ ಪದ್ಧತಿ 15ನೇ ಶತಮಾನದಲ್ಲಿ ನೆದರ್‌ಲೆಂಡ್ಸ್ ಕಡೆಯಿಂದ ಬಂತು. ಆಂಡ್ರ್ಯೂ ಬೋರ್ಡ್ ಎಂಬ ವೈದ್ಯ 1542ರಲ್ಲಿ ಏಲ್ ಇಂಗ್ಲಿಷರಿಗೆ ಸಹಜವಾದ ಪಾನೀಯ, ಬಿಯರ್ ಡಚ್ಚರಿಗೆ ಸಹಜವಾದದ್ದು ಎಂದು ಬರೆದ. ಆತನ ದೃಷ್ಟಿಯಲ್ಲಿ ಇದು ದೇಹಪ್ರಕೃತಿಯ ಪ್ರಶ್ನೆ, ಪಥ್ಯದ ಪ್ರಶ್ನೆ. 18ನೇ ಶತಮಾನದ ಹೊತ್ತಿಗೆ ಏಲ್‌ಗೂ ಹಾಪ್ಸ್ ಬೀಳತೊಡಗಿತ್ತು, ಪ್ರಮಾಣ ಮಾತ್ರ ಕಡಿಮೆ. ಇಂದು ಏಲ್ ಎಂದರೆ ಮೇಲ್ಮಟ್ಟದಲ್ಲಿ ಹುದುಗುವ ಯೀಸ್ಟ್‌ನಿಂದ ಮಾಡಿದ್ದು. ಹೆಸರು ಅದೇ ಉಳಿದು ಗೆರೆ ಜಾಗ ಬದಲಿಸಿದ್ದಕ್ಕೆ ಇದು ಮೊದಲ ಉದಾಹರಣೆ.

ಬಿಯರ್ ಬಗೆಗಳ ಬಗ್ಗೆಯೇ ಬರೆದ ಹಳೆಯ ಪುಸ್ತಕ ಯಾವುದು?

ಜರ್ಮನ್ ಭಾಷೆಯಲ್ಲಿ ಹೈನ್‌ರಿಶ್ ಕ್ನೌಸ್ಟ್ ಬರೆದು 1575ರಲ್ಲಿ ಎರ್ಫರ್ಟ್‌ನಲ್ಲಿ ಪ್ರಕಟವಾದ ಐದು ಭಾಗಗಳ ಕೃತಿಯನ್ನು ಹೆಸರಿಸಲೇಬೇಕು. ಕ್ನೌಸ್ಟ್ ಕಾನೂನು ಓದಿದವನು. ಜರ್ಮನ್ ನಾಡುಗಳ ನೂರಕ್ಕೂ ಹೆಚ್ಚು ಬಿಯರ್‌ಗಳನ್ನು ಊರ ಹೆಸರಿನೊಂದಿಗೆ ಪಟ್ಟಿ ಮಾಡಿ, ಪ್ರತಿಯೊಂದರ ರುಚಿ ಹೇಗೆ, ಮೈಗೆ ಒಗ್ಗುತ್ತದೆಯೇ ಎಂಬುದನ್ನು ಹೇಳುತ್ತಾ ಹೋದ. ದೊಡ್ಡ ವಿಂಗಡಣೆ ಎರಡೇ: ಗೋಧಿಯಿಂದ ಮಾಡಿದ ಬಿಳಿ ಬಿಯರ್, ಬಾರ್ಲಿಯಿಂದ ಮಾಡಿದ ಕೆಂಪು ಬಿಯರ್. ಮೊದಲನೆಯದರಲ್ಲಿ ಹ್ಯಾಂಬರ್ಗ್‌ನ ಬಿಯರ್ ರಾಣಿ, ಎರಡನೆಯದರಲ್ಲಿ ಡಾನ್‌ಜಿಗ್‌ನದು ರಾಣಿ ಎಂದು ತೀರ್ಪು ಕೊಟ್ಟ.

ಈ ಪಟ್ಟಿಯ ಮಹತ್ವ ಇರುವುದು ಅದರ ಊರುಗಳಲ್ಲಿ. ಆ ಕಾಲದಲ್ಲಿ ಬಿಯರ್‌ಗೆ ಊರೇ ಗುರುತು. ಬ್ರೌನ್‌ಶ್ವೈಗ್‌ನ ಮುಮ್ಮೆ, ಹ್ಯಾನೋವರ್‌ನ ಬ್ರೊಯ್ಹಾನ್, ಗೊಸ್ಲಾರ್‌ನ ಗೋಜೆ, ಐನ್‌ಬೆಕ್‌ನ ಬಿಯರ್. ನೀರು, ಧಾನ್ಯ, ಊರಿನ ಸಂಘದ ಕಟ್ಟಳೆಗಳು ಸೇರಿ ಒಂದೂರಿನ ಬಿಯರ್ ಇನ್ನೊಂದರಂತೆ ಇರುತ್ತಿರಲಿಲ್ಲ. ಕ್ನೌಸ್ಟ್ ಬರೆದದ್ದು ಒಂದು ಭೂಪಟ ಎನ್ನಬಹುದು.

ಹತ್ತು ವರ್ಷಗಳ ನಂತರ, 1585ರಲ್ಲಿ, ಪ್ರಾಗ್‌ನ ತಾದೆಯಾಷ್ ಹಾಯೆಕ್ ಲ್ಯಾಟಿನ್ ಭಾಷೆಯಲ್ಲಿ ಬಿಯರ್ ಕುರಿತು ಒಂದು ಸಣ್ಣ ಗ್ರಂಥ ಬರೆದ. ಈತ ಖಗೋಳಜ್ಞ, ಚಕ್ರವರ್ತಿ ಎರಡನೇ ರುಡಾಲ್ಫ್‌ನ ವೈದ್ಯ. ತಯಾರಿಕೆಯ ವಿಧಾನ, ಪಾನೀಯದ ಗುಣಧರ್ಮ ಎರಡನ್ನೂ ವಿವರಿಸಿದ. ಇವನದ್ದೂ ವೈದ್ಯನ ಕಣ್ಣೇ.

1516ರ ಬವೇರಿಯಾದ ‘ಶುದ್ಧತಾ ಕಾನೂನು’ ಒಂದು ವರ್ಗೀಕರಣವಲ್ಲವೇ?

ಅಲ್ಲ. ಅದು ಬಾರ್ಲಿ, ಹಾಪ್ಸ್, ನೀರು ಮಾತ್ರ ಬಳಸಬೇಕೆಂದು ಹೇಳಿ, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು ಬೆಲೆ ಕಟ್ಟಿದ ಆಜ್ಞೆ. ಆದರೆ ಅದರಿಂದ ಒಂದು ಗೆರೆ ತಾನಾಗಿ ಮೂಡಿತು. ಗೋಧಿ ಬಿಯರ್ ನಿಷಿದ್ಧವಾಗಿ ವಿಶೇಷ ಪರವಾನಗಿಯ ವಸ್ತುವಾಯಿತು, 1602ರ ನಂತರ ಬವೇರಿಯಾದ ದೊರೆಗಳ ಸ್ವಂತ ಆದಾಯವಾಯಿತು. ಇಂದು ಬೆಂಗಳೂರಿನಲ್ಲಿ ಜನಪ್ರಿಯವಾಗಿರುವ ಹೆಫೆವೈಜೆನ್ ಆ ರಾಜಮನೆತನದ ಏಕಸ್ವಾಮ್ಯದ ನೆರಳಿನಲ್ಲಿ ಉಳಿದುಬಂದ ಬಗೆ.

ಅಬಕಾರಿ ಸುಂಕಕ್ಕೂ ಬಿಯರ್ ಬಗೆಗಳಿಗೂ ಏನು ಸಂಬಂಧ?

ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ರುಚಿ ನೋಡಿ ವಿಂಗಡಿಸಿದವರಿಗಿಂತ ಸುಂಕ ಹಾಕಲು ವಿಂಗಡಿಸಿದವರೇ ಬಿಯರ್ ಅನ್ನು ಹೆಚ್ಚು ಬದಲಿಸಿದ್ದಾರೆ.

ಇಂಗ್ಲೆಂಡಿನಲ್ಲಿ ಬಿಯರ್ ಮೇಲಿನ ಸುಂಕ 1643ರಲ್ಲಿ ಶುರುವಾಯಿತು. ಆಗ ಸಾರವನ್ನು ಅಳೆಯುವ ಉಪಕರಣವಿರಲಿಲ್ಲ, ಹಾಗಾಗಿ ಬೆಲೆಯನ್ನೇ ಆಧಾರ ಮಾಡಿಕೊಂಡರು. 1660ರ ಕಾನೂನಿನ ಪ್ರಕಾರ ಪೀಪಾಯಿಗೆ 6 ಷಿಲಿಂಗ್ ಮೀರಿದರೆ ‘ಸ್ಟ್ರಾಂಗ್’, ಅದಕ್ಕಿಂತ ಕಡಿಮೆಯದು ‘ಸ್ಮಾಲ್’. ಗೆರೆ ದಾಟಿದ ಮೇಲೆ ಸುಂಕ ಎಲ್ಲಕ್ಕೂ ಒಂದೇ. ಹಾಗಿದ್ದ ಮೇಲೆ ಮಧ್ಯಮ ಸಾರದ ಬಿಯರ್ ಮಾಡುವವನಿಗೆ ನಷ್ಟ. ಸುಂಕ ಕಟ್ಟಿದ ಮೇಲೆ ಸ್ಟ್ರಾಂಗ್‌ಗೆ ಸ್ಮಾಲ್ ಬೆರೆಸಿ ಮಾರಿದರೆ ಲಾಭ, ಅದು ಅಪರಾಧವೂ ಹೌದು. 1782ರಲ್ಲಿ ನಡುವೆ ‘ಟೇಬಲ್ ಬಿಯರ್’ ಎಂಬ ಮೂರನೆಯ ವರ್ಗ ಸೇರಿಸಿದರು. ಹೀಗೆ ಒಂದು ಬಗೆಯೇ ಕಾಯ್ದೆಯ ಹಾಳೆಯಲ್ಲಿ ಹುಟ್ಟಿತು.

ಪೀಪಾಯಿಗಳ ಮೇಲೆ ಎಕ್ಸ್, ಎರಡು ಎಕ್ಸ್, ಮೂರು ಎಕ್ಸ್ ಎಂದು ಗುರುತು ಹಾಕಿ ಸಾರದ ಮಟ್ಟ ತೋರಿಸುವ ರೂಢಿ ಬಿಯರ್ ತಯಾರಕರದ್ದು. ಸ್ಕಾಟ್ಲೆಂಡಿನಲ್ಲಿ 60 ಷಿಲಿಂಗ್, 80 ಷಿಲಿಂಗ್ ಎಂದು ಬೆಲೆಯೇ ಹೆಸರಾಯಿತು.

1880ರಲ್ಲಿ ಬ್ರಿಟನ್ನಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ಪದ್ಧತಿಯನ್ನೇ ತಲೆಕೆಳಗು ಮಾಡಿದ. ಹುದುಗುವ ಮೊದಲು ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರಸ ಎಷ್ಟು ಸಾಂದ್ರವಾಗಿದೆ ಎಂದು ಅಳೆದು, ನೀರನ್ನು 1000 ಎಂದಿಟ್ಟುಕೊಂಡು, 1057 ಸಾಂದ್ರತೆಯನ್ನು ಮಾನದಂಡವಾಗಿ ಇಟ್ಟ. ಸಾಂದ್ರತೆ ಹೆಚ್ಚಿದಷ್ಟೂ ಸುಂಕ ಹೆಚ್ಚು. ಮೊದಲ ಮಹಾಯುದ್ಧದಲ್ಲಿ ಸುಂಕ ಏರಿತು, ಧಾನ್ಯಕ್ಕೆ ಕಡಿವಾಣ ಬಿತ್ತು. 1914ರಲ್ಲಿ 1052ರ ಆಸುಪಾಸಿನಲ್ಲಿದ್ದ ಬ್ರಿಟಿಷ್ ಬಿಯರ್‌ನ ಸರಾಸರಿ ಸಾಂದ್ರತೆ ಯುದ್ಧ ಮುಗಿಯುವಾಗ 1030ರ ಹತ್ತಿರಕ್ಕೆ ಕುಸಿದಿತ್ತು. ಹೆಸರುಗಳು ಮಾತ್ರ ಹಾಗೆಯೇ ಉಳಿದವು. ವಿಕ್ಟೋರಿಯಾ ಕಾಲದ ‘ಮೈಲ್ಡ್’ ಎಂದರೆ ಮಾಗಿಸಲು ಇಡದೆ ಮಾರುತ್ತಿದ್ದ ಎಳೆಯ ಬಿಯರ್, ಸಾರದಲ್ಲಿ ಐಪಿಎಗೆ ಕಡಿಮೆ ಇಲ್ಲದ್ದು. 20ನೇ ಶತಮಾನದ ಮೈಲ್ಡ್ ತೆಳುವಾದ, ಬಹುಪಾಲು ಕಪ್ಪಾದ ಪಾನೀಯ. ಎರಡನ್ನೂ ಒಂದೇ ಬಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಜರ್ಮನಿಯಲ್ಲಿಯೂ ಮೂಲರಸದ ಸಾಂದ್ರತೆಯೇ ಆಧಾರ: ಶಾಂಕ್‌ಬಿಯರ್, ಅದರ ಮೇಲೆ 11 ಅಂಶದಿಂದ (ರಸದ ತೂಕದಲ್ಲಿ ಕರಗಿದ ಸಾರದ ಶೇಕಡಾ ಪಾಲು) ಫೋಲ್‌ಬಿಯರ್, 16ರಿಂದ ಮೇಲೆ ಸ್ಟಾರ್ಕ್‌ಬಿಯರ್. ನಮ್ಮಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಮದ್ಯಸಾರ ಶೇ 5 ಮೀರದಿದ್ದರೆ ಸಾಧಾರಣ, ಶೇ 5ರಿಂದ 8ರ ವರೆಗೆ ಸ್ಟ್ರಾಂಗ್. ಕರ್ನಾಟಕದ ಅಂಗಡಿಯಲ್ಲಿ ‘ಸ್ಟ್ರಾಂಗ್ ಕೊಡಿ’ ಎಂದು ಕೇಳುವ ಗಿರಾಕಿ 17ನೇ ಶತಮಾನದ ಲಂಡನ್ನಿನ ಸುಂಕದವನು ಎಳೆದಂಥದ್ದೇ ಗೆರೆಯಲ್ಲಿ ನಿಂತು ಕೇಳುತ್ತಿದ್ದಾನೆ.

ಪೋರ್ಟರ್‌ಗೂ ಸ್ಟೌಟ್‌ಗೂ ಏನು ವ್ಯತ್ಯಾಸ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ. ಚರಿತ್ರೆಯ ಉತ್ತರ ಚಿಕ್ಕದು: ಪೋರ್ಟರ್‌ನ ಗಟ್ಟಿ ರೂಪವೇ ಸ್ಟೌಟ್.

ಪೋರ್ಟರ್ 18ನೇ ಶತಮಾನದ ಆರಂಭದ ಲಂಡನ್ನಿನ ಕಂದು ಬಿಯರ್. 1722ರಲ್ಲಿ ರಾಲ್ಫ್ ಹಾರ್ವುಡ್ ಎಂಬಾತ ಅದನ್ನು ಒಂದೇ ದಿನ ಕಂಡುಹಿಡಿದ ಎಂಬ ಕಥೆ ಬಹಳ ಕಡೆ ಅಚ್ಚಾಗಿದೆ. ಆ ಕಥೆಗೆ ಪೂರ್ಣ ರೂಪ ಬಂದದ್ದು 1802ರಲ್ಲಿ, ಅಂದರೆ ಎಂಬತ್ತು ವರ್ಷಗಳ ನಂತರ. ಅದಕ್ಕಿಂತ ಹಳೆಯದಾದ 1760ರ ಪತ್ರಿಕಾ ಬರಹವೊಂದು ಪೋರ್ಟರ್ ಅನ್ನು ಲಂಡನ್ನಿನ ಬಿಯರ್ ತಯಾರಕರು ಹಂತ ಹಂತವಾಗಿ ಸುಧಾರಿಸಿದ ಕಂದು ಬಿಯರ್ ಎಂದೇ ವರ್ಣಿಸುತ್ತದೆ. ನಂಬಲು ಯೋಗ್ಯವಾದದ್ದು ಇದು.

ಸ್ಟೌಟ್ ಎಂಬುದು ಆಗ ಸಾರವತ್ತಾದ ಯಾವುದೇ ಬಿಯರ್‌ಗೆ ಹೇಳುತ್ತಿದ್ದ ವಿಶೇಷಣ. ‘ಪೇಲ್ ಸ್ಟೌಟ್’, ಅಂದರೆ ತಿಳಿ ಬಣ್ಣದ ಸ್ಟೌಟ್ ಕೂಡ ಮಾರಾಟದಲ್ಲಿತ್ತು. ‘ಸ್ಟೌಟ್ ಪೋರ್ಟರ್’ ಹೆಸರು ಮಾಡಿದ ಮೇಲೆ ಪೋರ್ಟರ್ ಎಂಬ ಭಾಗ ಉದುರಿಹೋಯಿತು. 19ನೇ ಶತಮಾನದ ಲಂಡನ್ ಬ್ರೂವರಿಗಳು ಒಂದೇ ಮಾಲ್ಟ್‌ನ ರಾಶಿಯಿಂದ ಮೊದಲು ಇಳಿದ ದಟ್ಟ ರಸವನ್ನೂ ನಂತರದ ತೆಳು ರಸವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿ ಪೋರ್ಟರ್, ಸ್ಟೌಟ್ ಎರಡನ್ನೂ ಒಂದೇ ದಿನ ತಯಾರಿಸುತ್ತಿದ್ದವು.

ಬಣ್ಣದ ಕಥೆ ಇನ್ನೂ ಸ್ವಾರಸ್ಯದ್ದು. 1784ರಲ್ಲಿ ಜಾನ್ ರಿಚರ್ಡ್‌ಸನ್ ಸಕ್ಕರೆಯ ಅಂಶ ಅಳೆಯುವ ಸ್ಯಾಕರೋಮೀಟರ್ ಬಳಕೆಯ ಬಗ್ಗೆ ಪ್ರಕಟಿಸಿದಾಗ, ಕಂದು ಮಾಲ್ಟ್‌ಗಿಂತ ತಿಳಿ ಮಾಲ್ಟ್‌ನಿಂದ ಹೆಚ್ಚು ಸಾರ ಇಳಿಯುತ್ತದೆಂಬುದು ಅಂಕಿಗಳಲ್ಲಿ ಬಯಲಾಯಿತು. ತಯಾರಕರು ಅಗ್ಗವಾಗಿ ಬೀಳುವ ತಿಳಿ ಮಾಲ್ಟ್‌ಗೆ ತಿರುಗಿದರು, ಪೋರ್ಟರ್‌ನ ಬಣ್ಣ ಮಸುಕಾಯಿತು, ಬಣ್ಣಕ್ಕಾಗಿ ಏನೇನೋ ಬೆರೆಸುವುದು ಶುರುವಾಯಿತು. ಸರ್ಕಾರ ಮಾಲ್ಟ್, ಹಾಪ್ಸ್ ಬಿಟ್ಟು ಬೇರೇನೂ ಕೂಡದು ಎಂದಿತು. 1817ರಲ್ಲಿ ಡೇನಿಯಲ್ ವೀಲರ್ ತಿರುಗುವ ಉರುಳೆಯಲ್ಲಿ ಮಾಲ್ಟ್ ಅನ್ನು ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಒಂದಿಷ್ಟು ಸೇರಿಸಿದರೆ ಸಾಕು, ಕಾಯ್ದೆಗೂ ಒಪ್ಪಿಗೆ. ಇಂದು ನಾವು ಕಾಣುವ ಕಪ್ಪು ಪೋರ್ಟರ್, ಕಪ್ಪು ಸ್ಟೌಟ್ ಅಲ್ಲಿಂದ ಈಚಿನವು. ಒಂದು ಅಳತೆಯ ಉಪಕರಣ ಒಂದು ಬಗೆಯ ಬಣ್ಣವನ್ನೇ ಬದಲಿಸಿತು.

ಸ್ಟೌಟ್‌ಗೆ ಹುರಿದ ಬಾರ್ಲಿ, ಪೋರ್ಟರ್‌ಗೆ ಹುರಿದ ಮಾಲ್ಟ್ ಎಂದು ಕೆಲವರು ವ್ಯತ್ಯಾಸ ಹೇಳುತ್ತಾರೆ. ಮಾಲ್ಟ್ ಮಾಡದ ಬಾರ್ಲಿಯನ್ನು ಬಳಸಲು ಬ್ರಿಟನ್ನಿನಲ್ಲಿ ಅನುಮತಿ ಸಿಕ್ಕಿದ್ದೇ 1880ರಲ್ಲಿ. ಆ ಹೊತ್ತಿಗೆ ಸ್ಟೌಟ್ ಆಗಲೇ ಹಳೆಯದಾಗಿತ್ತು.

ಲಾಗರ್, ಏಲ್ ಎಂಬ ದೊಡ್ಡ ವಿಭಜನೆ ಯಾವಾಗಿನದು?

ಬವೇರಿಯಾದಲ್ಲಿ ಲಾಗರ್, ಅಂದರೆ ತಂಪಿನಲ್ಲಿ, ತಳಮಟ್ಟದಲ್ಲಿ ಹುದುಗುವ ಬಿಯರ್ ಶತಮಾನಗಳಿಂದ ಇತ್ತು. 1553ರಿಂದ ಏಪ್ರಿಲ್ 23 ಮತ್ತು ಸೆಪ್ಟೆಂಬರ್ 29ರ ನಡುವೆ ಬಿಯರ್ ಮಾಡಕೂಡದೆಂಬ ಕಟ್ಟಳೆ ಅದಕ್ಕೆ ಇನ್ನಷ್ಟು ಒತ್ತಾಸೆ ಕೊಟ್ಟಿತು. ಆದರೆ ಯೀಸ್ಟ್ ಜೀವಂತ ವಸ್ತುವೆಂಬುದು ಖಚಿತವಾದದ್ದು 19ನೇ ಶತಮಾನದಲ್ಲಿ. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಕುರಿತ ಅಧ್ಯಯನ ಪ್ರಕಟಿಸಿದ. 1883ರಲ್ಲಿ ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. ಆಮೇಲೆ ಪಠ್ಯಪುಸ್ತಕಗಳು ಯೀಸ್ಟ್ ಅನ್ನು ಮೊದಲ ಕವಲಾಗಿ ಇಟ್ಟುಕೊಂಡವು.

ಲಾಗರ್‌ಗಳ ಒಳಗೆ ಬಣ್ಣವೇ ಗುರುತಾಯಿತು: ಮ್ಯೂನಿಕ್‌ನ ಕಡು ಕಂದು, 1841ರಿಂದ ವಿಯೆನ್ನಾದ ಕೆಂಬಣ್ಣ, 1842ರ ಅಕ್ಟೋಬರ್ 5ರಂದು ಯೋಸೆಫ್ ಗ್ರೋಲ್ ಮೊದಲ ಬಾರಿಗೆ ಇಳಿಸಿದ, ಇಂದಿನ ಜೆಕ್ ನಾಡಿನ ಪಿಲ್ಸೆನ್ ಊರಿನ ಹೊಂಬಣ್ಣ.

‘ಪಿಲ್ಸ್‌ನರ್’ ಊರಿನ ಹೆಸರೋ, ಬಗೆಯ ಹೆಸರೋ?

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಮದ್ದೂರಿನಲ್ಲಿ ಮಾಡದ ವಡೆಯನ್ನು ಮದ್ದೂರು ವಡೆ ಎಂದು ಮಾರಬಹುದೇ ಎಂಬಂಥ ತಕರಾರು. ಮ್ಯೂನಿಕ್‌ನ ಥಾಮಸ್‌ಬ್ರಾಯ್ ಎಂಬ ಬ್ರೂವರಿ ತನ್ನ ತಿಳಿ ಬಿಯರ್ ಅನ್ನು ಪಿಲ್ಸ್‌ನರ್ ಎಂದು ಕರೆದಾಗ ಪಿಲ್ಸೆನ್‌ನ ನಾಗರಿಕರ ಬ್ರೂವರಿ ದಾವೆ ಹೂಡಿತು. 1899ರಲ್ಲಿ ಮ್ಯೂನಿಕ್‌ನ ನ್ಯಾಯಾಲಯ, ಪಿಲ್ಸ್‌ನರ್ ಎಂಬುದು ಮೂಲಸ್ಥಾನದ ಗುರುತಾಗಿ ಉಳಿದಿಲ್ಲ, ಎಲ್ಲರೂ ಬಳಸುವ ಬಗೆಯ ಹೆಸರಾಗಿದೆ ಎಂದು ತೀರ್ಮಾನಿಸಿತು. ಕ್ನೌಸ್ಟ್‌ನ ಕಾಲದಲ್ಲಿ ಊರಿಗೆ ಕಟ್ಟಿಹಾಕಿದ್ದ ಹೆಸರನ್ನು ಇಲ್ಲಿ ಕಾನೂನೇ ಬಿಡಿಸಿತು. ಪಿಲ್ಸೆನ್‌ನವರು ತಮ್ಮದು ಮೂಲದ್ದೆಂದು ಹೇಳುವ ‘ಉರ್‌ಕ್ವೆಲ್’ ಎಂಬ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಂಡರು. ಜೆಕ್ ನಾಡಿನಲ್ಲಿ ಇಂದಿಗೂ ಬೇರೆ ಊರಿನ ಬಿಯರ್ ಅನ್ನು ಪಿಲ್ಸ್‌ನರ್ ಎನ್ನುವುದಿಲ್ಲ.

ಐಪಿಎ ಭಾರತಕ್ಕಾಗಿಯೇ ಹುಟ್ಟಿದ ಬಗೆ ಹೌದೇ?

ಅರ್ಧ ಹೌದು. ಲಂಡನ್ನಿನ ಬೋ ಎಂಬಲ್ಲಿನ ಹಾಡ್ಜ್‌ಸನ್ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಹತ್ತಿರವಿತ್ತು, ನಾವಿಕರಿಗೆ ಧಾರಾಳವಾಗಿ ಸಾಲ ಕೊಡುತ್ತಿತ್ತು. ಅದು ಕಳಿಸಿದ ತಿಳಿ ಏಲ್ ಇಂಗ್ಲೆಂಡಿನಲ್ಲಿ ಮೊದಲೇ ಇದ್ದ, ಹಾಪ್ಸ್ ಹೆಚ್ಚಿರುವ, ಮಾಗಿಸಿಡುವ ಬಿಯರ್‌ನ ವಂಶದ್ದು. ಸಮುದ್ರಯಾನ ತಡೆಯಲೆಂದು ಹೊಸದಾಗಿ ಕಂಡುಹಿಡಿದದ್ದು ಎಂಬುದಕ್ಕೆ ಆಧಾರವಿಲ್ಲ. ಪೋರ್ಟರ್ ಕೂಡ ಅದೇ ಹಡಗುಗಳಲ್ಲಿ ಸೈನಿಕರಿಗಾಗಿ ದಂಡಿಯಾಗಿ ಬರುತ್ತಿತ್ತು, ಕೆಟ್ಟುಹೋಗುತ್ತಿರಲಿಲ್ಲ. 1820ರ ದಶಕದಲ್ಲಿ ಬರ್ಟನ್‌ನ ಆಲ್ಸಪ್, ಬಾಸ್ ಕಂಪನಿಗಳು ಈ ವ್ಯಾಪಾರಕ್ಕೆ ಇಳಿದವು. ‘ಈಸ್ಟ್ ಇಂಡಿಯಾ ಪೇಲ್ ಏಲ್’ ಎಂಬ ಹೆಸರು 1829ರ ಸಿಡ್ನಿಯ ಪತ್ರಿಕೆಯ ಜಾಹೀರಾತಿನಲ್ಲಿ ಕಾಣಿಸುತ್ತದೆ. ಬಗೆ ಮೊದಲು, ಹೆಸರು ಆಮೇಲೆ.

ಬೆಲ್ಜಿಯಂ ಬಿಯರ್‌ಗಳ ಬಗ್ಗೆ ಹಳೆಯ ದಾಖಲೆ ಇದೆಯೇ?

1851ರಲ್ಲಿ ಜಾರ್ಜ್ ಲಕಾಂಬ್ರ್ ಫ್ರೆಂಚ್ ಭಾಷೆಯಲ್ಲಿ ಬರೆದ ತಯಾರಿಕಾ ಗ್ರಂಥ ಅಮೂಲ್ಯ. ಲೂವೆನ್‌ನ ಬಿಳಿ ಬಿಯರ್, ಬ್ರಸೆಲ್ಸ್‌ನ ಲ್ಯಾಂಬಿಕ್ ಮತ್ತು ಫಾರೋ, ಆಂಟ್‌ವರ್ಪ್‌ನ ಬಾರ್ಲಿ ಬಿಯರ್ ಎಂದು ಊರೂರಿನ ವಿಧಾನವನ್ನು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಹಲವು ಈಗಿಲ್ಲ.

ಹಾಗಾದರೆ ‘ಶೈಲಿ’ ಎಂಬ ಚೌಕಟ್ಟು ಕೊಟ್ಟವರು ಯಾರು?

ಇಂಗ್ಲಿಷ್ ಪತ್ರಕರ್ತ ಮೈಕಲ್ ಜಾಕ್ಸನ್ (1942–2007). ಹಾಡುಗಾರನಲ್ಲ, ಯಾರ್ಕ್‌ಷೈರ್‌ನಲ್ಲಿ ಹುಟ್ಟಿದ ಬರಹಗಾರ. 1977ರಲ್ಲಿ ಹೊರಬಂದ ಅವರ ‘ದಿ ವರ್ಲ್ಡ್ ಗೈಡ್ ಟು ಬಿಯರ್’ ಜಗತ್ತಿನ ಬಿಯರ್‌ಗಳನ್ನು ಮೊದಲು ಹುದುಗುವ ರೀತಿಯಿಂದ, ಆಮೇಲೆ ಪರಂಪರೆ ಮತ್ತು ಊರಿನಿಂದ ಗುಂಪು ಮಾಡಿತು. ಅದಕ್ಕೂ ಮೊದಲು, 1901ರಲ್ಲಿ, ಶಿಕಾಗೋದ ರಾಬರ್ಟ್ ವಾಲ್ ಮತ್ತು ಮ್ಯಾಕ್ಸ್ ಹೆನಿಯಸ್ ತಮ್ಮ ಕೈಪಿಡಿಯಲ್ಲಿ ಹಲವು ದೇಶಗಳ ಬಿಯರ್‌ಗಳನ್ನು ರಾಸಾಯನಿಕ ವಿಶ್ಲೇಷಣೆಯ ಕೋಷ್ಟಕಗಳೊಂದಿಗೆ ವಿವರಿಸಿದ್ದರು, ಆದರೆ ಅದು ವೃತ್ತಿಯವರ ಪುಸ್ತಕ. ಜಾಕ್ಸನ್ ಬರೆದದ್ದು ಕುಡಿಯುವವರಿಗಾಗಿ. ಈವರೆಗಿನ ವಿಂಗಡಣೆಗಾರರಲ್ಲಿ ಯಾರೂ ಕುಡಿಯುವವನನ್ನು ಓದುಗನಾಗಿ ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಅವರು ಬರೆದ ಹೊತ್ತನ್ನೂ ನೋಡಿ. ದೊಡ್ಡ ಕಂಪನಿಗಳು ಸಣ್ಣ ಬ್ರೂವರಿಗಳನ್ನು ನುಂಗುತ್ತಿದ್ದವು. ಬೆಲ್ಜಿಯಂನ ಹೂಗಾರ್ಡನ್ ಎಂಬ ಊರಿನಲ್ಲಿ ಬಿಳಿ ಬಿಯರ್ ಪೂರ್ತಿ ನಿಂತುಹೋಗಿ, 1966ರಲ್ಲಿ ಪಿಯರ್ ಸೆಲಿಸ್ ಅದನ್ನು ಮತ್ತೆ ಆರಂಭಿಸಿದ್ದ. ಬ್ರಿಟನ್ನಿನಲ್ಲಿ ಸಾಂಪ್ರದಾಯಿಕ ಏಲ್ ಉಳಿಸುವ ಚಳವಳಿ 1971ರಲ್ಲಿ ಕಟ್ಟಿಕೊಂಡಿತ್ತು. ಅಂಥ ಸಮಯದಲ್ಲಿ ಒಂದು ಬಿಯರ್‌ಗೆ ಹೆಸರು, ಊರು, ಚರಿತ್ರೆ ಕೊಟ್ಟು ಬರೆಯುವುದೆಂದರೆ ಅದರ ಪರವಾಗಿ ನಿಂತು ಮಾತನಾಡುವುದು. ಹಳೆಯ ಮಾದರಿಯನ್ನು ಉದ್ದೇಶಪಟ್ಟು ಅನುಸರಿಸಿದರೆ ಮಾತ್ರ ಶೈಲಿ, ಸುಮ್ಮನೆ ಹೋಲಿಕೆ ಇದ್ದರೆ ಅದು ಬರೀ ಒಂದು ತರಹ ಎಂಬ ಎಚ್ಚರವೂ ಜಾಕ್ಸನ್‌ಗೆ ಇತ್ತು.

ಅಂಕಿಗಳು, ಕೋಷ್ಟಕಗಳು ಯಾವಾಗ ಬಂದವು?

ಅಮೆರಿಕದ ಮನೆಬಿಯರ್ ತಯಾರಕರಿಂದ. 1978ರಲ್ಲಿ ಕೊಲರಾಡೊದ ಬೋಲ್ಡರ್‌ನಲ್ಲಿ ಚಾರ್ಲಿ ಪಪಾಜಿಯನ್ ಮತ್ತು ಸಂಗಡಿಗರು ಮನೆಬಿಯರ್ ತಯಾರಕರ ಸಂಘ ಕಟ್ಟಿದರು. 1985ರಲ್ಲಿ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಬಿಜೆಸಿಪಿ ಬಂತು. 1989ರಲ್ಲಿ ಪೋರ್ಟ್‌ಲೆಂಡ್‌ನ ಫ್ರೆಡ್ ಎಕ್‌ಹಾರ್ಟ್ ಸಾಂದ್ರತೆ, ಕಹಿ, ಬಣ್ಣಗಳ ಅಂಕಿ ಸಹಿತ ಶೈಲಿಗಳ ಪುಸ್ತಕ ತಂದರು. ಸ್ಪರ್ಧೆಗೆ ಗೆರೆ ಬೇಕು. ಇದರಲ್ಲಿ ತಪ್ಪಿಲ್ಲ, ಒಂದೇ ಮೇಜಿನಲ್ಲಿ ಗೋಧಿ ಬಿಯರ್ ಮತ್ತು ಸ್ಟೌಟ್ ಇಟ್ಟು ಬಹುಮಾನ ಕೊಡಲಾಗದು. ಸ್ಪರ್ಧೆಯ ಅನುಕೂಲಕ್ಕೆ ಬರೆದದ್ದನ್ನು ಚರಿತ್ರೆ ಎಂದು ಓದಿದಾಗಲೇ ತೊಂದರೆ. ‘ಬ್ರೌನ್ ಪೋರ್ಟರ್’, ‘ರೋಬಸ್ಟ್ ಪೋರ್ಟರ್’ ಎಂಬ ವಿಭಾಗಗಳು ಲಂಡನ್ನಿನ ಯಾವ ಹಳೆಯ ಬ್ರೂವರಿಗೂ ಗೊತ್ತಿರಲಿಲ್ಲ. ಬಿಜೆಸಿಪಿಯೇ 2015ರ ಪರಿಷ್ಕರಣೆಯಲ್ಲಿ ಆ ಹೆಸರುಗಳನ್ನು ಕೈಬಿಟ್ಟಿತು.

ಬರೆದಿಟ್ಟದ್ದರಿಂದ ಸತ್ತ ಬಗೆ ಬದುಕಿದ ಉದಾಹರಣೆ ಇದೆಯೇ?

ಇದೆ. ಓಟ್ಸ್ ಹಾಕಿ ಮಾಡುವ ಓಟ್‌ಮೀಲ್ ಸ್ಟೌಟ್ 20ನೇ ಶತಮಾನದ ನಡುವಿನ ನಂತರ ಮಾರುಕಟ್ಟೆಯಿಂದ ಮರೆಯಾಗಿತ್ತು. ಜಾಕ್ಸನ್ ತಮ್ಮ ಪುಸ್ತಕದಲ್ಲಿ ಅದನ್ನು ಪ್ರಸ್ತಾಪಿಸಿದ್ದರು. ಸಿಯಾಟಲ್‌ನ ಆಮದುದಾರ ಚಾರ್ಲ್ಸ್ ಫಿಂಕೆಲ್ ಅದನ್ನು ಓದಿ, ಯಾರ್ಕ್‌ಷೈರ್‌ನ ಟ್ಯಾಡ್‌ಕ್ಯಾಸ್ಟರ್‌ನಲ್ಲಿರುವ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಗೆ ಮತ್ತೆ ಮಾಡಿಕೊಡಿ ಎಂದು ಕೇಳಿದರು. 1980ರಲ್ಲಿ ಅದು ಬಾಟಲಿಗೆ ಬಂತು. ಅದನ್ನು ಮಾದರಿಯಾಗಿ ಇಟ್ಟುಕೊಂಡು ಅಮೆರಿಕದ ಸಣ್ಣ ಬ್ರೂವರಿಗಳು ತಮ್ಮವನ್ನು ಮಾಡಿದವು, ಸ್ಪರ್ಧೆಗಳಲ್ಲಿ ಅದಕ್ಕೊಂದು ವಿಭಾಗ ತೆರೆಯಿತು.